ಟೈಮಿಂಗ್ ಇಲ್ಲ ಅನ್ನೋ ಮುಂಚೆ ಬ್ಯಾಟ್ ನೋಡಿ

'ಟೈಮಿಂಗ್ ಕಲಿಸೋಕೆ ಆಗಲ್ಲ, ಹುಟ್ಟಿನಿಂದ ಬರಬೇಕು.' ಕ್ರಿಕೆಟ್ ನೋಡೋರೆಲ್ಲ ಸಲೀಸಾಗಿ ಹೇಳಿಬಿಡೋ ಮಾತಿದು. ಆದ್ರೆ ಹನ್ನೆರಡು ವರ್ಷದ ಹುಡುಗನ ಕಿವಿಗೆ ಬಿದ್ದರೆ ಅವನು ಅದನ್ನ ತೀರ್ಪು ಅಂತಲೇ ತಗೋತಾನೆ. ನನ್ನ ಅಕ್ಕನ ಮಗ ಹಾಗೇ ತಗೊಂಡಿದ್ದ. ವಿಜಯನಗರದ ಮನೆಯಿಂದ ಬೆಳಗ್ಗೆ ಐದೂವರೆಗೇ ಕಿಟ್ ಹೊತ್ತು ಹೊರಡೋ ಹುಡುಗ. ಮ್ಯಾಚ್‌ನಲ್ಲಿ ಮಾತ್ರ ಐದು, ಏಳು, ಸೊನ್ನೆ. 'ಮಾಮ, ನಂಗೆ ಟೈಮಿಂಗೇ ಇಲ್ವಂತೆ, ಬಿಟ್ಬಿಡ್ತೀನಿ' ಅಂದ. ಅಕ್ಕನದು ಇನ್ನೊಂದು ಗಡುವು: 'ದಸರಾ ರಜೆವರೆಗೂ ನೋಡ್ತೀನಿ ಕಣೋ, ಆಮೇಲೆ ಟ್ಯೂಷನ್ನಿಗೆ ಹಾಕ್ತೀನಿ.'

ನಾನು ಕೋಚ್ ಅಲ್ಲ. ಸಾಫ್ಟ್‌ವೇರ್ ಎಲ್ಲಿ ತಡ ಮಾಡ್ತಿದೆ ಅಂತ ಹುಡುಕೋದು ನನ್ನ ಕೆಲಸ. ಅಲ್ಲಿ ಊಹೆಗೆ ಮುಂಚೆ ಅಳತೆ. ಹಾಗಾಗಿ ಒಂದು ಭಾನುವಾರ ನೆಟ್ಸ್ ಪಕ್ಕದಲ್ಲಿ ನಿಂತು ಫೋನಿನ ಸ್ಲೋ ಮೋಷನ್‌ನಲ್ಲಿ ಅವನ ಬ್ಯಾಟಿಂಗ್ ಹಿಡಿದೆ.

ಸ್ವಲ್ಪ ಲೆಕ್ಕ ನೋಡಿ. ಒಂದು ಬ್ಯಾಟಿಂಗ್ ಕ್ರೀಸ್‌ನಿಂದ ಇನ್ನೊಂದಕ್ಕೆ 17.68 ಮೀಟರ್. ಗಂಟೆಗೆ 80 ಕಿ.ಮೀ. ವೇಗದ ಚೆಂಡಿಗೆ ಅಷ್ಟು ದೂರಕ್ಕೆ ಸುಮಾರು 0.8 ಸೆಕೆಂಡ್ ಸಾಕು. ಕಣ್ಣು ಕಂಡದ್ದಕ್ಕೆ ಕೈ ಓಗೊಡೋಕೇ ಅದರಲ್ಲಿ 0.2 ಸೆಕೆಂಡ್ ಖರ್ಚು. ನಮ್ಮ ಹುಡುಗ ಬ್ಯಾಟ್ ಎತ್ತೋಕೆ ಶುರು ಮಾಡ್ತಿದ್ದದ್ದೇ ಚೆಂಡು ಪಿಚ್ ಆದ ಮೇಲೆ. ಅಲ್ಲಿಂದ ಅವನಿಗೆ ಉಳೀತಿದ್ದದ್ದು ಹೆಚ್ಚುಕಮ್ಮಿ ಕಾಲು ಸೆಕೆಂಡ್. ಅಷ್ಟರಲ್ಲಿ ಎತ್ತಬೇಕು, ಇಳಿಸಬೇಕು, ಹೊಡೀಬೇಕು. ಯಾರಿಗಾದ್ರೂ ಕಷ್ಟವೇ.

ತಡ ಯಾಕೆ ಅಂದ್ರೆ ಬ್ಯಾಟ್ ಭಾರ. ಅವನ ಎತ್ತರಕ್ಕೆ ಐದನೇ ಸೈಜ್ ಸಾಕು, ಕೈಯಲ್ಲಿದ್ದದ್ದು ಹ್ಯಾರೋ. 'ಬೆಳೀತಾನಲ್ಲ, ಎರಡು ವರ್ಷ ಬರುತ್ತೆ' ಅಂತ ಭಾವ ತಂದಿದ್ದು. ಯೂನಿಫಾರಂ, ಶೂ ಎಲ್ಲದಕ್ಕೂ ನಮ್ಮ ಮನೆಗಳಲ್ಲಿ ಇದೇ ಲೆಕ್ಕ ತಾನೆ? ಬ್ಯಾಟಿಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಮೇಲಿನ ಕೈ ಒಂದರಲ್ಲೇ ಬ್ಯಾಟನ್ನ ನೇರ ಮುಂದಕ್ಕೆ ಹಿಡಿಸಿ ನೋಡಿ. ಹತ್ತು ಎಣಿಸೋದ್ರೊಳಗೆ ತುದಿ ಜಗ್ಗಿದ್ರೆ ಅದು ಆ ಮಗುವಿಗೆ ಭಾರ.

ಪಕ್ಕದ ರಸ್ತೆಯ ಹುಡುಗನೊಬ್ಬನ ಹಳೇ ಬ್ಯಾಟ್ ಇಸ್ಕೊಂಡ್ವಿ. ಆಮೇಲೆ ಮಾಡಿದ್ದು ಮೂರೇ ಕೆಲಸ. ಒಂದು, ಬೌಲರ್ ಕೈ ಮೇಲೆ ಬರುವಾಗಲೇ ಬ್ಯಾಟ್ ಎತ್ತಿ ಕಾಯೋದು. ಎರಡು, ಟೆರೇಸಿನ ಬಟ್ಟೆ ಒಣಗಿಸೋ ತಂತಿಗೆ ಕಾಲುಚೀಲದಲ್ಲಿ ಚೆಂಡು ಕಟ್ಟಿ, ತಲೆ ಅಲ್ಲಾಡದ ಹಾಗೆ ದಿನಾ ನೂರು ಸಲ ಮೆಲ್ಲಗೆ ತಟ್ಟೋದು. ಮೂರು, ನಾನು ಕೆಳಗೈಯಲ್ಲಿ ಎಸೆಯೋ ಟೆನಿಸ್ ಬಾಲನ್ನ ಕಣ್ಣಿನ ಕೆಳಗೆ ಬರೋವರೆಗೂ ಬಿಟ್ಟು ಆಡೋದು. ಜೋರಾಗಿ ಬೀಸಿದ್ರೆ ಔಟ್. ಬ್ಯಾಟ್ ಬೇಗ ಎತ್ತು, ಚೆಂಡನ್ನ ತಡವಾಗಿ ಆಡು ಅನ್ನೋದು ಅವನಿಗೆ ಅರ್ಥ ಆಗೋಕೇ ಮೂರು ವಾರ ಹಿಡೀತು.

ನಡುವೆ ಮತ್ತೆ ಒಂದು ಸೊನ್ನೆ. ಅವತ್ತು ರಾತ್ರಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕಥೆ ಹೇಳಿದೆ. ಕುಳ್ಳಗಿನ ಮನುಷ್ಯ, ಶಾಟ್‌ಗಳೆಲ್ಲ ಮಣಿಕಟ್ಟಿನ ಆಟ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ, ಎರಡನೇದ್ರಲ್ಲಿ 137. 'ಒಂದೇ ಮ್ಯಾಚ್‌ನಲ್ಲಾ?' ಅಂದ. ಹೂಂ, ಒಂದೇ ಮ್ಯಾಚ್‌ನಲ್ಲಿ.

ದಸರಾಗೆ ಮುಂಚಿನ ಮ್ಯಾಚ್‌ನಲ್ಲಿ ಅವನು ಹೊಡೆದದ್ದು 23. ದೊಡ್ಡ ಸ್ಕೋರ್ ಏನಲ್ಲ. ಆದ್ರೆ ಮಿಡ್ ಆಫ್ ಪಕ್ಕದಿಂದ ಹೋದ ಒಂದು ಬೌಂಡರಿಗೆ ಅವನು ಬೀಸಲೇ ಇಲ್ಲ, ಸುಮ್ನೆ ತಳ್ಳಿದ್ದ. ಬ್ಯಾಟಿನ ನಡುಮಧ್ಯದ ಆ 'ಟಕ್' ಬೌಂಡರಿ ಹಗ್ಗದಾಚೆ ಕೂತಿದ್ದ ನಮಗೂ ಕೇಳಿಸ್ತು. ಅಕ್ಕ ನನ್ನ ಕಡೆ ತಿರುಗಿ ನೋಡಿದಳು, ಏನೂ ಅನ್ನಲಿಲ್ಲ.

ನಿಮ್ಮ ಮನೇಲೂ ಇಂಥ ಹುಡುಗನೋ ಹುಡುಗಿಯೋ ಇದ್ರೆ, 'ಟೈಮಿಂಗ್ ಇಲ್ಲ' ಅನ್ನೋ ಮುಂಚೆ ಐದು ನಿಮಿಷ ವಿಡಿಯೋ ಮಾಡಿ, ಬ್ಯಾಟ್ ತೂಗಿಸಿ ನೋಡಿ. ಖರ್ಚಿಲ್ಲ.

ಅಂದ ಹಾಗೆ, ಅಕ್ಕ ಮಾತಿಗೆ ತಪ್ಪಲಿಲ್ಲ. ಟ್ಯೂಷನ್ನಿಗೂ ಹಾಕಿದಾಳೆ. ಸಂಜೆ ಬ್ಯಾಚು.