ನೆಪವೆಂದು ಕಂಡ ನೋವು

"ಗಣಿತದ ಪಾಠವಿದ್ದ ದಿನವೇ ನಿನಗೆ ತಲೆನೋವು ಬರುವುದೇಕಪ್ಪಾ?" ಎಂದು ಅಕ್ಕನ ಮಗನನ್ನು ಹಂಗಿಸಿದವನು ನಾನೇ. ನಮ್ಮ ಮನೆಯಲ್ಲಿದ್ದು ಓದುತ್ತಿರುವ 11 ವರ್ಷದ ಹುಡುಗ. "ತಲೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗಾಗುತ್ತದೆ, ಮಾವ" ಎಂದನು. ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯನ್ನು ನೆನಪಿಸಿ ಶಾಲೆಗೆ ಕಳುಹಿಸಿದೆ. ಅಂದಿನಿಂದ ಅವನು ಆ ಮಾತೆತ್ತಲಿಲ್ಲ. ನೋವು ಹೋಯಿತೆಂದೇ ನಾನು ತಿಳಿದಿದ್ದೆ.

ಒಂದು ಭಾನುವಾರ ನನ್ನ ತಾಯಿ ಅವನ ತಲೆಗೆ ಎಣ್ಣೆ ಒತ್ತುತ್ತಿದ್ದಾಗ, ಹುಬ್ಬಿಗೂ ಕಿವಿಗೂ ನಡುವೆ ಬೆರಳು ತಗಲಿದೊಡನೆ ಹುಡುಗನು ಬೆಚ್ಚಿ ತಲೆಯನ್ನು ಸೆಳೆದುಕೊಂಡನು. ವೈದ್ಯರಲ್ಲಿಗೆ ಕರೆದೊಯ್ದೆವು. ಅವರೂ ಅಲ್ಲಿಯೇ, ಬಳಿಕ ದವಡೆ, ಕತ್ತು, ಹೆಗಲುಗಳಲ್ಲಿ ಬೆರಳೊತ್ತಿ ನೋಡಿದರು. "ಎಲ್ಲಿ ಒತ್ತಿದರೆ ನೋಯಬೇಕೆಂಬುದು ನೆಪ ಹೇಳುವ ಮಕ್ಕಳಿಗೆ ತಿಳಿದಿರುವುದಿಲ್ಲ, ಮೇಷ್ಟ್ರೇ" ಎಂದರು. ನಾನು ತಲೆ ತಗ್ಗಿಸಬೇಕಾಯಿತು.

ಇದು ಬಿಗಿತದ ತಲೆನೋವು. ಅರೆತಲೆನೋವಿನಂತೆ ಮಿಡಿಯುವುದಿಲ್ಲ, ವಾಂತಿ ತರುವುದಿಲ್ಲ. ತಲೆಯ ಎರಡು ಪಕ್ಕಗಳನ್ನೂ ಅದುಮಿದಂತಿರುತ್ತದೆ. ಓಡಾಡಿದರೆ ಹೆಚ್ಚುವುದೂ ಇಲ್ಲ. ಆದುದರಿಂದಲೇ, ಆಡುತ್ತಿರುವ ಮಗುವಿಗೆ ನೋವೆಲ್ಲಿಯದು ಎಂದು ಹಿರಿಯರು ಶಂಕಿಸುವುದುಂಟು. ಮಕ್ಕಳಲ್ಲಿ ತಲೆನೋವು ಅಪರೂಪವೇನೂ ಅಲ್ಲ. ಸ್ವೀಡನ್ನಿನ ಬೋ ಬಿಲ್ಲೆ ಎಂಬ ವೈದ್ಯರು ಉಪ್ಸಾಲದ ಸುಮಾರು 9,000 ಶಾಲಾಮಕ್ಕಳ ವಿಚಾರವನ್ನು ಸಂಗ್ರಹಿಸಿ 1962ರಲ್ಲಿ ಪ್ರಕಟಿಸಿದ ಗ್ರಂಥದಂತೆ, 15ನೆಯ ವಯಸ್ಸಿನ ವೇಳೆಗೆ ನಾಲ್ವರಲ್ಲಿ ಮೂವರು ಅದನ್ನು ಅನುಭವಿಸಿದವರೇ.

ಬಿಗಿತದ ತಲೆನೋವುಳ್ಳ ಮಕ್ಕಳ ತಲೆ, ಕತ್ತುಗಳ ಸ್ನಾಯುಗಳು ಒತ್ತಿದಾಗ ಇತರ ಮಕ್ಕಳಿಗಿಂತ ಹೆಚ್ಚು ನೋಯುವುದನ್ನು ಸಂಶೋಧಕರು ಕಂಡಿದ್ದಾರೆ. ಚಿಕ್ಕದೊಂದು ಉಪಕರಣದಿಂದ ಮೆಲ್ಲಮೆಲ್ಲನೆ ಒತ್ತುತ್ತ ಹೋಗಿ, ಒತ್ತಡವು ನೋವಾಗಿ ಮಾರ್ಪಡುವ ಗಳಿಗೆಯನ್ನು ಮಗುವಿನ ಬಾಯಿಂದಲೇ ಕೇಳಿ ಗುರುತಿಸುವರು. ಅದು ನೋವಿನ ಹೊಸ್ತಿಲು. ಕೆಲವು ಪರೀಕ್ಷೆಗಳಲ್ಲಿ ಈ ಮಕ್ಕಳ ಹೊಸ್ತಿಲು ತಗ್ಗಿದ್ದುದು ಕಂಡಿತು, ಕೆಲವುಗಳಲ್ಲಿ ಕಾಣಲಿಲ್ಲ. ತಗ್ಗುವುದೇಕೆ? ಸ್ನಾಯುಗಳಿಂದ ನೋವಿನ ಸುದ್ದಿ ಮತ್ತೆ ಮತ್ತೆ ಬಂದಾಗ ಬೆನ್ನುಹುರಿ, ಮಿದುಳುಗಳ ನರಕೋಶಗಳು ಅತಿಯಾಗಿ ಎಚ್ಚೆತ್ತುಕೊಳ್ಳುತ್ತವೆಂದು ವಿದ್ವಾಂಸರು ಭಾವಿಸುತ್ತಾರೆ. ಒಮ್ಮೆ ಕಳ್ಳತನವಾದ ಮನೆಯವರು ಎಲೆ ಅಲುಗಿದರೂ ಎದ್ದು ಕೂರುವರಲ್ಲವೆ, ಹಾಗೆ. ನೋವಿನಿಂದ ಬೆನ್ನುಹುರಿಯಲ್ಲಿ ಉಂಟಾಗುವ ಇಂಥ ಎಚ್ಚರವನ್ನು ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ 1983ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು.

ನಮ್ಮ ವೈದ್ಯರು ಹೇಳಿದ್ದು ಸರಳವಾದ ಉಪಾಯ: ಹೊತ್ತಿಗೆ ಸರಿಯಾಗಿ ಊಟ, ಸಾಕಷ್ಟು ನಿದ್ರೆ, ದಿನವೂ ಆಟ, ಜೊತೆಗೆ ನೋವು ಬಂದ ದಿನಗಳ ಪಟ್ಟಿ. ತಿಂಗಳಲ್ಲಿ ಅರ್ಧ ದಿನಗಳು ನೋವಿನ ಗುಳಿಗೆ ನುಂಗಿಸುತ್ತ ಹೋದರೆ ಗುಳಿಗೆಯೇ ತಲೆನೋವಿಗೆ ಕಾರಣವಾಗಬಲ್ಲದೆಂದು ಎಚ್ಚರಿಸಿದರು. ನಿದ್ದೆಯಿಂದ ಎಬ್ಬಿಸುವ ನೋವು, ಬೆಳಗಿನ ವಾಂತಿ, ದೃಷ್ಟಿ ಮಸುಕಾಗುವುದು, ಜ್ವರದೊಡನೆ ಕತ್ತು ಸೆಟೆಯುವುದು, ಇವುಗಳಲ್ಲಿ ಯಾವುದು ಕಂಡರೂ ಒಂದು ಗಳಿಗೆಯನ್ನೂ ಕಳೆಯಬಾರದು.

ಒಂದು ತಿಂಗಳಾದ ಮೇಲೆ ಹುಡುಗನ ಪಟ್ಟಿಯನ್ನು ನೋಡಿದೆ. ಅದರಲ್ಲಿ ಗಣಿತದ ದಿನಗಳಿದ್ದವು. ಅಷ್ಟೇ ಭಾನುವಾರಗಳೂ ಇದ್ದವು. ಈಗ ನೋವು ಅಪರೂಪವಾಗಿದೆ. ಬಂದಾಗ, ನನ್ನ ಪುಣ್ಯ, ಮೊದಲು ನನಗೇ ಬಂದು ಹೇಳುತ್ತಾನೆ.