ಹಳ್ಳದ ಏಡಿಗೆ ತವರು ಒಂದೇ

ಮಕ್ಕಳೇ, ಕಾರವಾರ, ಮಂಗಳೂರಿನ ಮೀನು ಪೇಟೆಗೆ ಹೋದರೆ ಲಾಬ್ಸ್ಟರ್ ಎಂಬ ಪ್ರಾಣಿ ನೋಡಲು ಸಿಗುತ್ತದೆ. ನೋಡಲು ಭಾರೀ ಸೀಗಡಿಯ ಹಾಗೆ. ಮೈತುಂಬ ಗಟ್ಟಿ ಕವಚ, ಮುಳ್ಳಿರುವ ಉದ್ದನೆಯ ಮೀಸೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಡಲಿಲ್ಲ, ಆದರೆ ಅದರ ನೆಂಟನಿದ್ದಾನೆ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ದಂಡೆಯಲ್ಲಿ, ಕಾಲುವೆ ನೀರು ಹರಿಯುವ ಕಬ್ಬಿನ ಗದ್ದೆಯ ಒಡ್ಡಿನಲ್ಲಿ ಬಿಲ ತೋಡಿಕೊಂಡಿರುವ ಏಡಿಯೇ ಆ ನೆಂಟ.

ನಂಬಿಕೆ ಇಲ್ಲವೇ? ಕಾಲು ಎಣಿಸಿ. ಇಕ್ಕಳದಂಥ ಎರಡು, ನಡೆಯುವ ಎಂಟು, ಒಟ್ಟು ಹತ್ತು. ಲಾಬ್ಸ್ಟರಿಗೂ ಹತ್ತೇ. ಇಬ್ಬರ ರಕ್ತದಲ್ಲೂ ಕಬ್ಬಿಣದ ಬದಲು ತಾಮ್ರವಿದೆ. ಅದಕ್ಕೇ ಗಾಳಿ ತಾಗಿದರೆ ತಿಳಿನೀಲಿಯಾಗುತ್ತದೆ. ಇಬ್ಬರಿಗೂ ಹೊಟ್ಟೆಯೊಳಗೇ ಹಲ್ಲು! ನುಂಗಿದ ಆಹಾರ ಅಲ್ಲಿ ಬೀಸುಕಲ್ಲಿಗೆ ಸಿಕ್ಕ ಜೋಳದಂತೆ ನುರಿಯುತ್ತದೆ.

ಮೈ ಬೆಳೆದರೂ ಕವಚ ಬೆಳೆಯುವುದಿಲ್ಲ. ದೀಪಾವಳಿಗೆ ಹೊಲಿಸಿದ ಅಂಗಿ ಯುಗಾದಿಗೆ ಬಿಗಿಯಾದರೆ ನೀವು ಹೊಸದು ಕೇಳುತ್ತೀರಲ್ಲ, ಹಾಗೆಯೇ ಏಡಿ ಹಳೆಯ ಕವಚ ಕಳಚಿ ಹೊರಬರುತ್ತದೆ. ಆಗ ಅದರ ಮೈ ಬೆಣ್ಣೆಯಂತೆ ಮೆತ್ತಗೆ. ಹೊಸ ಕವಚ ಗಟ್ಟಿಯಾಗುವವರೆಗೆ ಬಿಲದಲ್ಲಿ ಅಡಗಿ ಕೂಡುತ್ತದೆ. ಮುರಿದುಹೋದ ಕಾಲೂ ಹೀಗೆ ಕವಚ ಬದಲಿಸುತ್ತ ಮತ್ತೆ ಚಿಗುರುತ್ತದೆ.

ಇನ್ನು ಲಾಬ್ಸ್ಟರಿನ ಬಾಲ ಏಡಿಗೆ ಎಲ್ಲಿ ಹೋಯಿತು? ಹೊಟ್ಟೆಯ ಕೆಳಗೆ ಮಡಚಿಕೊಂಡಿದೆ. ಗಂಡಿನದು ಕಿರಿದಾದ ತ್ರಿಕೋನ. ಹೆಣ್ಣಿನದು ಅಗಲ, ಅಜ್ಜಿಯ ಉಡಿಯ ಹಾಗೆ. ಆ ಉಡಿಯಲ್ಲೇ ಅದು ತತ್ತಿ ಕಟ್ಟಿಕೊಂಡು ತಿರುಗುತ್ತದೆ.

ಇಲ್ಲಿಂದ ಮುಂದೆ ಎರಡೂ ಮನೆತನದ ದಾರಿ ಬೇರೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದವನು ನಾನು, ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಕರಾವಳಿಯ ಲಾಬ್ಸ್ಟರ್ ಲಕ್ಷಗಟ್ಟಲೆ ತತ್ತಿ ಇಡುತ್ತದೆ. ಒಡೆದು ಬಂದ ಮರಿ ಗಾಜಿನ ಎಲೆಯಂತೆ ತೆಳ್ಳಗೆ. ತಾಯಿಯ ಹೋಲಿಕೆಯೇ ಇಲ್ಲ. ತಿಂಗಳುಗಟ್ಟಲೆ ಕಡಲಿನಲ್ಲಿ ತೇಲಿ ಎಲ್ಲಿಯದೋ ದಂಡೆ ಸೇರುತ್ತದೆ. ಬಹುಪಾಲು ಖರ್ಚಾದರೂ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಜಮೆ ತುಂಬಬಹುದು.

ನಮ್ಮ ಹಳ್ಳದ ಏಡಿಯ ತತ್ತಿ ಕೆಲವು ನೂರು ಮಾತ್ರ, ಆದರೆ ದಪ್ಪ. ಅದರಿಂದ ನೇರವಾಗಿ ಪುಟ್ಟ ಏಡಿಯೇ ಹೊರಬರುತ್ತದೆ. ತೇಲುವ ಮರಿಯ ಅವಸ್ಥೆಯೇ ಇಲ್ಲ. ಹೊರಬಂದ ಮೇಲೂ ಕೆಲವು ದಿನ ತಾಯಿಯ ಉಡಿಯಲ್ಲೇ ಇದ್ದು, ಆಮೇಲೆ ಅದೇ ದಂಡೆಯಲ್ಲಿ ಇಳಿಯುತ್ತದೆ. ಅಂದರೆ ಇದಕ್ಕೆ ಬೇರೆ ಶಾಖೆಯಿಂದ ಹಣ ಬರುವುದಿಲ್ಲ. ಒಂದು ಹಳ್ಳದ ಏಡಿಗಳೆಲ್ಲ ಸತ್ತರೆ ಆ ಖಾತೆ ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಪಕ್ಕದ ಹಳ್ಳದಿಂದ ಯಾವುದಾದರೂ ಅಡ್ಡಡ್ಡ ನಡೆದುಕೊಂಡು ಬಂದರೆ ಬಂತು.

ಏಡಿ ಒಡ್ಡು ಕೊರೆದು ನೀರು ಪೋಲು ಮಾಡುತ್ತದೆ ಎಂದು ರೈತರು ಬೈಯುವುದುಂಟು, ಅದು ಸುಳ್ಳಲ್ಲ. ಆದರೆ ಕೊಳೆತ ಎಲೆ, ಸತ್ತ ಹುಳ-ಮೀನು ತಿಂದು ಹಳ್ಳ ಚೊಕ್ಕ ಮಾಡುವುದೂ ಅದೇ. ಕೊಕ್ಕರೆಗೆ, ನೀರುನಾಯಿಗೆ ಅದೇ ಊಟ. ಹುಳುವೂ ಏಡಿಯೂ ಕವಚದ ಜಾತಿಯವೇ ಆದ್ದರಿಂದ, ಹುಳು ಕೊಲ್ಲಲು ಹೊಡೆಯುವ ಹಲವು ಔಷಧಿಗಳು ಏಡಿಗೂ ವಿಷ. ಔಷಧಿ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯಬಾರದೆನ್ನುವುದು ಇದಕ್ಕೇ. ಈ ಮಾತನ್ನು ಮನೆಯ ಹಿರಿಯರಿಗೆ ನೀವೇ ಹೇಳಿ. ಮೊಮ್ಮಕ್ಕಳು ಹೇಳಿದರೆ ನಾವು ಅಜ್ಜಂದಿರು ಬೇಗ ಕೇಳುತ್ತೇವೆ.

ಮಿರಗದ ಮಳೆ ಬಿದ್ದ ಮೇಲೆ ಏಡಿಗಳು ಬಿಲ ಬಿಟ್ಟು ಹೊರಗೆ ಬರುತ್ತವೆ. ದೊಡ್ಡವರ ಜೊತೆಯಲ್ಲೇ ಹೋಗಿ ನೋಡಿ. ತುಂಬಿದ ಕಾಲುವೆಯ ಹತ್ತಿರ ಒಬ್ಬರೇ ಹೋಗಬೇಡಿ. ಹಿಡಿಯುವವರು ಮೊದಲು ಹೊಟ್ಟೆಯ ಕಡೆ ನೋಡಲಿ. ಉಡಿ ತುಂಬಿದ್ದರೆ, ಎತ್ತಿದ ಜಾಗದಲ್ಲೇ ಮೆಲ್ಲಗೆ ಇಳಿಸಿಬಿಡಲಿ.