ಶಾಲೆ ಮೊದಲು ಉಳಿಸಿಕೊಳ್ಳಬೇಕಾದ ಜಾಗ

ಅನುದಾನರಹಿತ ಶಾಲೆಯೊಂದರ ಆಡಳಿತ ಮಂಡಳಿ ಮೂರೋ ಐದೋ ವರ್ಷಕ್ಕೊಮ್ಮೆ ಬದಲಾಗುತ್ತದೆ. ಒಂದನೆಯ ತರಗತಿಗೆ ಸೇರಿದ ಮಗು ಹತ್ತು ವರ್ಷಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಡುತ್ತದೆ. ಕಟ್ಟಡ ಮಾತ್ರ ಐವತ್ತು ಅರವತ್ತು ವರ್ಷ ಅಲ್ಲೇ ನಿಂತಿರುತ್ತದೆ. ಶಂಕುಸ್ಥಾಪನೆಯೂ ಉದ್ಘಾಟನೆಯೂ ತಮ್ಮ ಅವಧಿಯಲ್ಲೇ ಆಗಬೇಕೆಂಬ ಆತುರಕ್ಕೆ ಬಿದ್ದವರು ಖಾಲಿ ಕಂಡ ಕಡೆ ಹೊಸ ಬ್ಲಾಕ್ ಎಬ್ಬಿಸುತ್ತಾರೆ. ಖಾಲಿ ಕಾಣುವುದು ಬಹುಮಟ್ಟಿಗೆ ಆಟದ ಮೈದಾನವೇ.

ಹಾಗಾಗಿ ಇಪ್ಪತ್ತು ಮೂವತ್ತು ವರ್ಷ ಮುಂದಕ್ಕೆ ನೋಡುವ ಶಾಲೆ ಮೊದಲು ತೀರ್ಮಾನಿಸಬೇಕಾದ್ದು ಎಲ್ಲಿ ಕಟ್ಟಬಾರದು ಎಂಬುದನ್ನು. ಕೊಠಡಿಯನ್ನು ಕೆಡವಿ ಕಟ್ಟಬಹುದು, ಅಡಿಪಾಯ ತಡೆಯುವುದಾದರೆ ಮಹಡಿ ಏರಿಸಬಹುದು. ಬೆಂಗಳೂರು, ಹುಬ್ಬಳ್ಳಿಯಂಥ ಊರಿನ ನಡುವೆ ಕಳೆದುಕೊಂಡ ಅರ್ಧ ಎಕರೆ ಮತ್ತೆ ಸಿಗುವುದಿಲ್ಲ. ಕಾನೂನನ್ನು ನಂಬಿ ಕೂರುವಂತೆಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಆಟದ ಮೈದಾನ ಇರಬೇಕು ಎನ್ನುತ್ತದೆ, ಎಷ್ಟು ದೊಡ್ಡದು ಎನ್ನುವುದಿಲ್ಲ.

ಉಳಿದ ಮಣ್ಣಿಗೂ ಈಗ ಇಂಟರ್‌ಲಾಕ್ ಕಲ್ಲು ಹಾಸುವ ರೂಢಿ ಬಂದಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿ.ಮೀ. ಮೀರಿ ಮಳೆಯಾಗುತ್ತದೆ. ಸಾವಿರ ಚದರ ಮೀಟರ್ ಅಂಗಳದ ಮೇಲೆ ಬೀಳುವ ನೀರೇ ಒಂಬತ್ತು ಲಕ್ಷ ಲೀಟರ್. ಕಲ್ಲು ಹಾಸಿದ ಮೇಲೆ ಅದರ ಬಹುಪಾಲು ಚರಂಡಿ ಸೇರುತ್ತದೆ. ಮಾರ್ಚ್ ಬಂತೆಂದರೆ ಅದೇ ಶಾಲೆ ಟ್ಯಾಂಕರ್‌ಗೆ ದುಡ್ಡು ಸುರಿಯುತ್ತದೆ. ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆ ಬೇರೆ ದಾರಿ ಹಿಡಿಯಿತು. ಕೋಲಾರದ ಹಾಗೆಯೇ ಬರಕ್ಕೆ ಸಿಕ್ಕುವ ಸೀಮೆ ಅದು. ಅಲ್ಲಿನವರು ದಶಕಗಟ್ಟಲೆ ಗಿಡ ನೆಟ್ಟು, ಮಳೆನೀರು ತಡೆದು ಇಂಗಿಸಿ, ಒಣ ಕಣಿವೆಯನ್ನು ಹಸಿರು ಮಾಡಿದರು. 1991ರಲ್ಲಿ ಆ ಆವರಣ ಪಕ್ಷಿಗಳ ಸಂರಕ್ಷಿತ ತಾಣವೆನಿಸಿತು. ಒಂದು ಸಮಿತಿಯ ಅವಧಿಯಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ.

ಇನ್ನು ದುರಸ್ತಿಯ ಮಾತು. ತಾರಸಿಯ ನೀರಿನ ಕೊಳವೆಯ ಬಾಯಿಗೆ ಹೊಂಗೆ ಎಲೆ ಕಟ್ಟಿಕೊಳ್ಳುತ್ತದೆ. ನಿಂತ ನೀರು ಒಳಗಿಳಿದು, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಕೊಠಡಿಯ ಸೂರಿನಲ್ಲಿ ಕಂದು ಕಲೆ ಹರಡುತ್ತದೆ. ಸುಣ್ಣ ಬಳಿದು ಮುಚ್ಚುತ್ತಾರೆ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬುತ್ತಿರುತ್ತದೆ, ಉಬ್ಬಿದ ಕಂಬಿ ಕಾಂಕ್ರೀಟನ್ನು ಸೀಳಿ ಚಕ್ಕೆ ಎಬ್ಬಿಸುತ್ತದೆ. ಅದರ ಕೆಳಗೆ ಮಕ್ಕಳು ಕೂತಿರುತ್ತಾರೆ. ಮುಂಗಾರಿಗೆ ಮೊದಲು ಒಂದು ದಿನ ತಾರಸಿ ಗುಡಿಸಿದ್ದರೆ ಉಳಿಯಬಹುದಾಗಿದ್ದ ಲಕ್ಷಾಂತರ ರೂಪಾಯಿ ಹೀಗೆ ಹೋಗುತ್ತದೆ. ಹೊಸ ಕೊಠಡಿಗೆ ದಾನಿಗಳು ಸಿಗುತ್ತಾರೆ, ತಾರಸಿ ದುರಸ್ತಿಗೆ ಕೊಡುವವರು ವಿರಳ. ಆದ್ದರಿಂದ ದುರಸ್ತಿ ನಿಧಿಯನ್ನು ವರ್ಷವರ್ಷವೂ ಶಾಲೆಯ ಆದಾಯದಿಂದಲೇ ಎತ್ತಿಡಬೇಕು, ಅದನ್ನು ಹೊಸ ಕಟ್ಟಡಕ್ಕೆ ಮುಟ್ಟಬಾರದು.

ಸುರಕ್ಷತೆಯನ್ನು ಮಾತ್ರ ಹಂತಹಂತದ ಯೋಜನೆಗೆ ಸೇರಿಸಲೇಬಾರದು. 2004ರ ಜುಲೈ 16ರಂದು ಕುಂಭಕೋಣಂನ ಖಾಸಗಿ ಶಾಲೆಯಲ್ಲಿ ಹೊತ್ತಿದ ಬೆಂಕಿ ಗರಿ ಹೊದಿಸಿದ ಚಾವಣಿಗೆ ತಗುಲಿ 94 ಮಕ್ಕಳು ಸತ್ತರು. ಸುರಕ್ಷಿತ ಶಾಲೆಯಲ್ಲಿ ಕಲಿಯುವುದೂ ಶಿಕ್ಷಣದ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಇಕ್ಕಟ್ಟಾದ ಮೆಟ್ಟಿಲು, ಬೀಗ ಜಡಿದ ಎರಡನೆಯ ಬಾಗಿಲು ಇವೆಲ್ಲ ಈ ವರ್ಷವೇ ಸರಿಯಾಗಬೇಕು.

ತನ್ನ ಮಗು ಬಳಸದ ಕಟ್ಟಡಕ್ಕೆ ತಾನೇಕೆ ಶುಲ್ಕ ಕಟ್ಟಬೇಕು ಎಂದು ಪೋಷಕರು ಕೇಳುತ್ತಾರೆ. ಶುಲ್ಕದ ಭಾರ ಬಲ್ಲವರಿಗೆ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಇವತ್ತು ಆ ಮಗು ಕೂತಿರುವ ಕೊಠಡಿಯೂ ಹಿಂದಿನವರ ದುಡ್ಡಿನದು. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳು ಮಂದಿ ಶಿಕ್ಷಕರು. ಅದರ ಫಲ ಉಂಡವರು ಅವರ ಮುಂದಿನ ತಲೆಮಾರುಗಳು. ಹಾಗೆಂದು ಒಂದೇ ವರ್ಷ ಕಟ್ಟಡ ನಿಧಿಯ ಹೆಸರಿನಲ್ಲಿ ದೊಡ್ಡ ಮೊತ್ತ ಕೀಳುವುದು ನ್ಯಾಯವಲ್ಲ. ಪ್ರತಿ ವರ್ಷ ಚಿಕ್ಕ ಪಾಲು, ಲೆಕ್ಕ ಎಲ್ಲರ ಮುಂದೆ. ಇದನ್ನು ಒಪ್ಪದ ಪೋಷಕರು ಕಡಿಮೆ ಎಂದೇ ನನ್ನ ನಂಬಿಕೆ.

ಮುಂದಿನ ಪೋಷಕರ ಸಭೆಗೆ ಹೋಗುವವರು ದಯವಿಟ್ಟು ಎರಡನ್ನು ಕೇಳಿ: ಕಟ್ಟಬಾರದ ಜಾಗವನ್ನು ಗುರುತಿಸಿದ ಆವರಣದ ನಕ್ಷೆ ಮತ್ತು ದುರಸ್ತಿ ನಿಧಿಯ ಈ ವರ್ಷದ ಲೆಕ್ಕ.